ಬಂಡೂರು ಟಗರು ಹತ್ತುತ್ತದೆ, ಆದರೆ ಕುರಿಗಳು ಗಬ್ಬ ಕಟ್ಟುತ್ತಿಲ್ಲ. ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಎಷ್ಟು ಎಂಎಲ್ ಹಾಕಿಸಲಿ?

ಒಂದು ಹನಿಯನ್ನೂ ಹಾಕಿಸಬೇಡಿ. ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿದವನು, ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಟಗರು ಹತ್ತುತ್ತಿದೆ ಎಂದರೆ ಅದರ ರಕ್ತದಲ್ಲಿ ಟೆಸ್ಟೋಸ್ಟಿರಾನ್, ಅಂದರೆ ಗಂಡು ಹಾರ್ಮೋನು, ಸಾಕಷ್ಟಿದೆ. ಕುರಿಗಳು ಸುಮಾರು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ವೀರ್ಯಾಣುವನ್ನು. ಇಂಜೆಕ್ಷನ್ ಕೆಡಿಸುವುದೂ ಅದನ್ನೇ.

ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಟ್ಟು ಬಿಟ್ಟು ಮಿಡಿಯುತ್ತದೆ. ಅದಕ್ಕೆ ಓಗೊಟ್ಟು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಬಿಡುತ್ತದೆ. ಎಲ್‌ಎಚ್ ಬೀಜದೊಳಗಿನ ಲೇಡಿಗ್ ಕೋಶಗಳಿಂದ ಟೆಸ್ಟೋಸ್ಟಿರಾನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ಕೆಲಸ ಮಾಡುವುದು ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳ ಮೇಲೆ. ಹೊರಗಿನಿಂದ ಟೆಸ್ಟೋಸ್ಟಿರಾನ್ ಹೋದರೆ ಮೆದುಳು ಬೇಕಾದಷ್ಟಿದೆ ಎಂದು ತಿಳಿದು ಮಿಡಿತ ತಗ್ಗಿಸುತ್ತದೆ, ಎಲ್‌ಎಚ್ ಇಳಿಯುತ್ತದೆ, ಬೀಜದೊಳಗಿನ ತಯಾರಿಕೆ ನಿಲ್ಲುತ್ತದೆ. ವೀರ್ಯಾಣು ಬೆಳೆಯಲು ಬೀಜದೊಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟಿರಾನ್ ಬೇಕು, ಸೂಜಿಯಿಂದ ಆ ಮಟ್ಟ ಮುಟ್ಟಲಾಗದು. ಟಗರಿನ ಹುರುಪು ಹಾಗೇ ಇರುತ್ತದೆ, ಬೀಜ ಮಾತ್ರ ಮೆತ್ತಗಾಗಿ ಕುಗ್ಗುತ್ತದೆ. ಹುರುಪು ನೋಡಿ ಇನ್ನೊಂದು ಡೋಸ್ ಹಾಕಿಸಿದರೆ ಆ ಹಂಗಾಮೇ ಹೋಯಿತು.

ನಿಮ್ಮಲ್ಲಿ ನನ್ನ ಅನುಮಾನ ಬೇಸಿಗೆಯ ಮೇಲೆ. ಬೀಜ ಮೈಗಿಂತ 4ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಾಗಿರಬೇಕು. ಏಪ್ರಿಲ್‌ನಲ್ಲಿ ತಗಡಿನ ದೊಡ್ಡಿಯೊಳಗೆ ಅದು ಸಾಧ್ಯವಿಲ್ಲ. ವೀರ್ಯಾಣು ಹುಟ್ಟಿ ಬಲಿತು ಹೊರಬರಲು ಹೆಚ್ಚುಕಡಿಮೆ 60 ದಿನ ಬೇಕು, ಹಾಗಾಗಿ ಏಪ್ರಿಲ್‌ನ ಕಾವಿನ ಪೆಟ್ಟು ಜೂನ್‌ವರೆಗೂ ಕಾಣುತ್ತದೆ. ತಗಡಿನ ಮೇಲೆ ತೆಂಗಿನ ಗರಿ ದಪ್ಪಗೆ ಹೊದಿಸಿ, ಮಧ್ಯಾಹ್ನ ಮರದ ನೆರಳಲ್ಲಿ ಕಟ್ಟಿ, ನೀರು ಸದಾ ಮುಂದಿರಲಿ.

ಚಳಿದೇಶದ ವಿಡಿಯೋ ನೋಡಿ ಮೆಲಟೋನಿನ್ (ಕತ್ತಲಲ್ಲಿ ಮೆದುಳು ಬಿಡುವ ಹಾರ್ಮೋನು) ಹುಡುಕಲೂ ಹೋಗಬೇಡಿ. ಅಲ್ಲಿ ಹಗಲು ಕುಗ್ಗಿದಾಗ ಟಗರಿನ ಹಾರ್ಮೋನು ಏರುತ್ತದೆ. ಮಂಡ್ಯದಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ್ದಕ್ಕೂ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ನಮ್ಮಲ್ಲಿ ಜಿಎನ್‌ಆರ್‌ಎಚ್ ಮಿಡಿತವನ್ನು ಏರಿಸುವುದು ಮೇವು. ಕುರಿಗಳ ಜೊತೆ ಬಿಡುವ ಎರಡು ತಿಂಗಳ ಮುಂಚಿನಿಂದ ಹುರುಳಿ ಹೊಟ್ಟು, ಹಸಿ ಸೊಪ್ಪಿನ ಜೊತೆಗೆ ನುಚ್ಚಿದ ಜೋಳ ಮತ್ತು ಕಡಲೆಕಾಯಿ ಹಿಂಡಿ ಕೊಡಿ. ದಿನಕ್ಕೆ 100 ಗ್ರಾಂನಿಂದ ಶುರುಮಾಡಿ ಹತ್ತು ದಿನದಲ್ಲಿ 300 ಗ್ರಾಂಗೆ ಏರಿಸಿ. ಒಮ್ಮೆಲೇ ಕೊಟ್ಟರೆ ಹೊಟ್ಟೆ ಹುಳಿಯಾಗಿ ಮಲಗಿಬಿಡುತ್ತದೆ. ಹತ್ತಿಬೀಜದ ಹಿಂಡಿ ಬೇಡ, ಅದರಲ್ಲಿರುವ ಗಾಸಿಪಾಲ್ ಎಂಬ ವಿಷಾಂಶ ವೀರ್ಯಾಣುವಿಗೆ ಕೇಡು.

ಈಗಲೇ ಕೈಗವಸು ಹಾಕಿ ಬೀಜ ಮುಟ್ಟಿ ನೋಡಿ. ಎರಡೂ ಒಂದೇ ಗಾತ್ರವಿದ್ದು, ಒತ್ತಿದರೆ ಪುಟಿಯಬೇಕು. ಕೆಳತುದಿಯಲ್ಲಿ ಗಂಟು, ಬಾವು ಸಿಕ್ಕರೆ ಮೇವಿನಿಂದ ಆಗುವ ಕೆಲಸವಲ್ಲ. ಟಗರನ್ನು ಹಿಂಡಿನಿಂದ ಬೇರೆ ಕಟ್ಟಿ, ಪಶುವೈದ್ಯರಿಂದ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ರಕ್ತಪರೀಕ್ಷೆ ಮಾಡಿಸಿ. ಅದರ ಕೆಲವು ಬಗೆಗಳು ಮನುಷ್ಯರಿಗೂ ಅಂಟಬಹುದು.