ಬೊಳ್ಳು ಪಾಪದವನೇ, ಇಂಜೆಕ್ಷನ್ ಎಲ್ಲಿ?

ಉಡುಪಿಯ ಅಂಬಲಪಾಡಿ ಕಡೆಯಿಂದ ಒಬ್ಬರು ನಾಲ್ಕು ಪುಟ ಬರೆದಿದ್ದಾರೆ. ಅದರಲ್ಲಿ ಮೂರೂವರೆ ಪುಟ ಅವರ ನಾಯಿಯದ್ದೇ ವರ್ಣನೆ. ಓದಿ ನಾನೂ ಸೋತೆ, ಸುಳ್ಳು ಯಾಕೆ ಹೇಳಲಿ.

ವಿಷಯ ಇಷ್ಟು. ಬೊಳ್ಳು, ಆರು ವರ್ಷದ ಊರ ನಾಯಿ. ಗೇಟಿನ ಚಿಲಕವನ್ನು ಮೂತಿಯಿಂದ ಎತ್ತಿ ತಾನೇ ಹೊರಗೆ ಹೋಗುತ್ತಾನೆ. ಓಣಿಯ ಎಂಟು ಮನೆಯಲ್ಲೂ ಅವನಿಗೆ ಪಾಲಿದೆ. ಒಂದು ಕಡೆ ದೋಸೆ, ಇನ್ನೊಂದು ಕಡೆ ರಸ್ಕು, ಮಲ್ಪೆಯಿಂದ ಮೀನು ತರುವ ಅಕ್ಕನ ಬುಟ್ಟಿಯಿಂದ ಬಂಗುಡೆ ತಲೆ. ಜೂನ್, ಜುಲೈಯಲ್ಲಿ ಬೋಟು ನಿಂತು ಅಕ್ಕ ಒಣಮೀನು ತಂದರೂ ಅವನ ಪಾಲು ತಪ್ಪುವುದಿಲ್ಲವಂತೆ. ಈಗ ಎದುರು ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ. ಅವರ ಐದು ವರ್ಷದ ಹುಡುಗನಿಗೆ ನಾಯಿ ಎಂದರೆ ಜೀವ ಹೋಗುವಷ್ಟು ಹೆದರಿಕೆ. ಬಿಸಿಲಲ್ಲೂ ಕೊಡೆ ಬಿಡಿಸಿ, ಬೊಳ್ಳು ಇರುವ ಬದಿಗೆ ಅಡ್ಡ ಹಿಡಿದುಕೊಂಡು ಸ್ಕೂಲ್ ವ್ಯಾನಿಗೆ ಹೋಗುತ್ತಾನೆ. ಹುಡುಗನ ಅಮ್ಮ ನಾಯಿಯನ್ನು ಕಟ್ಟಿಹಾಕಿ ಎಂದರು, ಓಣಿಯವರೆಲ್ಲ ಅವರ ಮೇಲೆಯೇ ತಿರುಗಿಬಿದ್ದರು. ಕಟ್ಟಿದರೆ ಓಣಿಯ ಬಾಯಿಗೆ ಬೀಳಬೇಕು, ಬಿಟ್ಟರೆ ಆ ಅಮ್ಮನ ಮುಖ ನೋಡಲು ಆಗುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ.

ಕಟ್ಟುವ ವಿಷಯ ಆಮೇಲೆ. ಮೂರನೇ ಪುಟದ ಕೊನೆಯಲ್ಲಿ, ಅವನು ಶಂಖದ ಜೊತೆ ಊಳಿಡುವ ಕಥೆಗೂ ಹುಟ್ಟುಹಬ್ಬಕ್ಕೆ ಮಕ್ಕಳೆಲ್ಲ ಸೇರಿ ಬನ್ಸ್ ತಿನ್ನಿಸಿದ ಕಥೆಗೂ ನಡುವೆ ಮೆಲ್ಲಗೆ ಒಂದು ಸಾಲು ಇದೆ. "ಎರಡು ವರ್ಷದಿಂದ ಇಂಜೆಕ್ಷನ್ ಹಾಕಿಸಲು ಆಗಲಿಲ್ಲ, ಹೇಗೂ ಪಾಪದ ನಾಯಿ." ಎಂತ ಮಾರಾಯ್ರೆ ಇದು?

ನಮ್ಮ ಕಡೆ ಸಾಧು ಎನ್ನಲು ಈ 'ಪಾಪದ' ಎಂಬ ಮಾತು ಭಾರಿ ಸಲೀಸು. ಪಾಪದ ದನ, ಪಾಪದ ಅಳಿಯ, ಪಾಪದ ನಾಯಿ. ರೇಬೀಸ್‌ಗೆ ಅದೆಲ್ಲ ಗೊತ್ತಾಗುವುದಿಲ್ಲ. ರಾತ್ರಿ ಚಿಲಕ ಎತ್ತಿಕೊಂಡು ಹೋಗುವವನು ಯಾವ ನಾಯಿಯ ಜೊತೆ ಕಚ್ಚಾಡಿ ಬಂದ ಎಂದು ನಿಮಗೂ ಗೊತ್ತಿಲ್ಲ. ಕಚ್ಚಿಸಿಕೊಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಏನೂ ಕಾಣಿಸದೆ ಇರಬಹುದು. ಆಮೇಲೆ ಲಕ್ಷಣ ಶುರುವಾಗುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಬಂದಿರುತ್ತದೆ. ಆ ದಿನಗಳಲ್ಲೂ ಬೊಳ್ಳು ಬಾಲ ಅಲ್ಲಾಡಿಸಿಕೊಂಡೇ ಇರುತ್ತಾನೆ, ಮಕ್ಕಳ ತರಚಿದ ಮೊಣಕಾಲು ನೆಕ್ಕುತ್ತಲೇ ಇರುತ್ತಾನೆ.

ಇನ್ನೊಂದು ಹೇಳುತ್ತೇನೆ, ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಹುಚ್ಚು ಹಿಡಿದ ನಾಯಿ ಅಂದರೆ ಕಂಡವರನ್ನೆಲ್ಲ ಕಚ್ಚುತ್ತಾ ಓಡುವುದು ಮಾತ್ರ ಅಲ್ಲ. ಕೆಲವು ಸುಮ್ನೆ ಮೂಲೆ ಸೇರುತ್ತವೆ. ದವಡೆ ಜೋತುಬೀಳುತ್ತದೆ, ನುಂಗಲು ಆಗುವುದಿಲ್ಲ, ಜೊಲ್ಲು ಸುರಿಯುತ್ತದೆ. ನೋಡಿದವರಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗೆಯೇ ಕಾಣುತ್ತದೆ. ದಿನಾ ಬಂಗುಡೆ ತಿನ್ನುವ ನಾಯಿ, ಎಂಟು ಮನೆಯವರು ಮುದ್ದು ಮಾಡುವ ನಾಯಿ. ಯಾರಾದರೂ ಪಾಪ ಎಂದು ಬಾಯಿಯೊಳಗೆ ಕೈ ಹಾಕದೆ ಇರುತ್ತಾರಾ? ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರನ್ನೂ ಉಳಿಸುವುದು ಹೆಚ್ಚುಕಡಿಮೆ ಆಗದ ಮಾತು. ಅದಕ್ಕೆ ಮೊದಲೇ ಎಚ್ಚೆತ್ತರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ, ಮತ್ತೆ ಮೂರನೇ ದಿನ, ಏಳನೇ ದಿನ, ಹೀಗೆ 28ನೇ ದಿನದವರೆಗೆ ಸೂಜಿ. ಬೊಳ್ಳುವಿಗಾದರೆ ವರ್ಷಕ್ಕೆ ಒಂದು.

ನಿಮ್ಮನ್ನು ಬೈಯಲು ಮನಸ್ಸಿಲ್ಲ. ಅತ್ತೆಯ ಆಪರೇಷನ್, ಮಗಳ ಪಿಯುಸಿ, ಅದರ ಮಧ್ಯೆ ಮರೆತಿರಿ. ನನಗೆ ಸಿಟ್ಟು ಬಂದದ್ದು ರಸ್ಕು ಹಾಕುವ ನಿಮ್ಮ ಆ ಬ್ಯಾಂಕಿನ ಮಾವನ ಮೇಲೆ. ಹುಡುಗನ ಅಮ್ಮನನ್ನು ದಾರಿಯಲ್ಲಿ ನಿಲ್ಲಿಸಿ "ನಿಮ್ಮ ಮಗನಿಗೆ ಧೈರ್ಯ ಕಲಿಸಿ" ಎಂದರಂತಲ್ಲ. ಸರ್ವೀಸ್ ಇಡೀ ಬೇರೆಯವರ ಸಾಲದ ಕಂತಿನ ತಾರೀಕು ನೋಡಿದವರು, ಆರು ವರ್ಷ ರಸ್ಕು ಹಾಕಿದ ನಾಯಿಯ ತಾರೀಕು ಒಂದು ಸಲ ಕೇಳಬಾರದಿತ್ತಾ? ಆ ಓಣಿಯಲ್ಲಿ ಸರಿಯಾಗಿ ಯೋಚಿಸುತ್ತಿರುವವರು ಇಬ್ಬರೇ, ಆ ಹೆಂಗಸು ಮತ್ತು ಕೊಡೆ ಹಿಡಿದ ಹುಡುಗ.

ಹಳೇ ಓದುಗರಿಗೆ ನನ್ನ ಕ್ಯಾಲೆಂಡರಿನ ಹುಚ್ಚು ಗೊತ್ತು. ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ, ಅಪ್ಪನ ಶುಗರ್ ಟೆಸ್ಟ್, ಎಲ್ಲ ಅಡುಗೆಮನೆಯ ಗೋಡೆಯಲ್ಲಿ ಬರೆದಿರಬೇಕು, ಪಕ್ಕದಲ್ಲಿ ಯಾರು ಮಾಡುವುದು ಎಂದು ಹೆಸರೂ ಇರಬೇಕು. ಎಂಟು ಮನೆಯವರು ಊಟ ಹಾಕಿದರು, ಎಂಟೂ ಮನೆಯವರು ಇಂಜೆಕ್ಷನ್ ಇನ್ನೊಬ್ಬರು ಹಾಕಿಸಿರುತ್ತಾರೆ ಎಂದುಕೊಂಡರು.

ಕಟ್ಟುವುದಾ ಎಂದಿರಿ. ವ್ಯಾನ್ ಬರುವ ಹೊತ್ತು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅಂಗಳದಲ್ಲಿ ಕಟ್ಟಿ. ರಾತ್ರಿ ಚಿಲಕಕ್ಕೆ ಬೀಗ ಹಾಕಿ. ಅದರಿಂದ ಯಾವ ನಾಯಿಯೂ ಸತ್ತಿಲ್ಲ, ಓಣಿಯವರು ಏನು ಬೇಕಾದರೂ ಹೇಳಲಿ.

ಆದರೆ ಮೊದಲ ಕೆಲಸ ಒಂದೇ. ನಾಳೆ ಬೆಳಿಗ್ಗೆ ಬೊಳ್ಳುವನ್ನು ರಿಕ್ಷಾಕ್ಕೆ ಹತ್ತಿಸಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎರಡು ವರ್ಷ ತಪ್ಪಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಮುಂದಿನದ್ದು ಯಾವಾಗ ಎಂದು ಅವರೇ ಬರೆದುಕೊಡುತ್ತಾರೆ. ಸೆಪ್ಟೆಂಬರ್ 28 ರೇಬೀಸ್ ದಿನ, ಆ ಸುಮಾರಿಗೆ ಪುಕ್ಕಟೆ ಹಾಕುತ್ತಾರೆ ಎಂದು ಯಾರಾದರೂ ಹೇಳಿಯಾರು. ಅಲ್ಲಿಯವರೆಗೆ ಕಾಯಬೇಡಿ. ಹಾಕಿಸಿದ ಕಾರ್ಡಿನ ಫೋಟೋ ತೆಗೆದು ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿ. ಅದಕ್ಕೂ ಮೊದಲು ಕಾರ್ಡನ್ನೇ ಹಿಡಿದುಕೊಂಡು ಎದುರು ಮನೆಗೆ ಹೋಗಿ ಆ ಹುಡುಗನ ಅಮ್ಮನಿಗೆ ತೋರಿಸಿ. ನೀವೊಬ್ಬರೇ ಹೋಗಿ, ಬೊಳ್ಳು ಮನೆಯಲ್ಲಿರಲಿ.