ಲೇಸ್ ಗೌನಿಗೆ ದೊಡ್ಡ ನೆಕ್ಲೇಸ್ ಒಪ್ಪುತ್ತಾ?

ಪ್ರಶ್ನೆ: ಮದುವೆಗೆ ಗೌನ್ ಹೊಲಿಸಿದ್ದೇನೆ. ವಿ ಆಕಾರದ ಕತ್ತು, ಎದೆಯ ಮೇಲೆಲ್ಲಾ ಲೇಸ್. ಕಲ್ಲಿನ ದೊಡ್ಡ ನೆಕ್ಲೇಸ್ ಹಾಕುವ ಆಸೆ. ಜಾಸ್ತಿ ಆಗುತ್ತಾ?

ಉತ್ತರ: ಆಸೆ ಬಿಡಬೇಡಿ. ಆದರೆ ನೆಕ್ಲೇಸ್ ಲೇಸ್ ಮೇಲೆ ಬೀಳಬಾರದು, ಬರಿಗತ್ತಿನ ಮೇಲೆ ಕೂರಬೇಕು. ಇಲ್ಲದಿದ್ದರೆ ಎರಡೂ ಎದ್ದು ಕಾಣುವುದಿಲ್ಲ. ಜೊತೆಗೆ ಕಲ್ಲು ಕೂರಿಸಿದ ಚೂಪು ತುದಿಗಳು ಲೇಸಿಗೆ ಸಿಕ್ಕಿಕೊಳ್ಳುತ್ತವೆ. ನನ್ನ ಮದುವೆಯಲ್ಲಿ ಹೀಗೇ ಆಗಿತ್ತು. ನನ್ನ ಅಕ್ಕ ಪಕ್ಕದಲ್ಲಿ ಕೂತು, ಒಂದೊಂದೇ ಎಳೆಯನ್ನು ಸೂಜಿಯಿಂದ ಬಿಡಿಸಿದ್ದಳು. ಆ ಗಾಬರಿ ನಿಮಗೆ ಬೇಡ.

ಅಂಗಡಿಗೆ ಹೋಗುವ ಮೊದಲು ಗೌನ್ ಹಾಕಿಕೊಂಡು, ಕತ್ತಿಗೆ ಒಂದು ದಾರ ಸುತ್ತಿ ನೋಡಿ. ಲೇಸಿನ ಅಂಚಿಗಿಂತ ಎರಡು ಬೆರಳು ಮೇಲೆ ನಿಂತರೆ ಅದೇ ನಿಮ್ಮ ಅಳತೆ. 16 ಅಥವಾ 18 ಇಂಚಿನ ನೆಕ್ಲೇಸ್ ಹೆಚ್ಚಿನವರಿಗೆ ಸರಿಹೋಗುತ್ತದೆ.

ಗೌನಿನ ಬಣ್ಣ ಅಚ್ಚ ಬಿಳಿಯಾದರೆ ಬೆಳ್ಳಿ ಬಣ್ಣದ ಲೋಹ, ಕೆನೆ ಬಣ್ಣವಾದರೆ ಚಿನ್ನದ ಬಣ್ಣ ನನಗಿಷ್ಟ. ಕಿವಿಗೆ ಪುಟ್ಟ ಓಲೆ ಸಾಕು, ಜುಮುಕಿ ಬೇಡ. ಕೂದಲು ಮೇಲೆತ್ತಿ ಕಟ್ಟಿ.

ಮನೆಯಲ್ಲಿ ಒಂದು ಗಂಟೆ ಹಾಕಿಕೊಂಡು ಓಡಾಡಿ. ಭಾರಕ್ಕೆ ಕತ್ತಿನ ಹಿಂಭಾಗ ಉರಿದರೆ ಬೇರೆಯದನ್ನೇ ಆರಿಸಿ. ಸೆಂಟ್ ಹಾಕುವುದಿದ್ದರೆ ಮೊದಲೇ ಹಾಕಿ, ಒಣಗಿದ ಮೇಲೆ ನೆಕ್ಲೇಸ್ ತೊಡಿ.