ರೋಲರ್ ತಿರುಗಿಸಿ ಬೈಕಿನ ಪವರ್ ಅಳೆಯಬಹುದೇ?

ಪ್ರಶ್ನೆ: ನನ್ನ 150 ಸಿಸಿ ಬೈಕಿನ ಕಾರ್ಬ್ಯುರೇಟರ್ ಜೆಟ್ ಮತ್ತು ಸೈಲೆನ್ಸರ್ ಬದಲಿಸಿದ್ದೇನೆ. ಪವರ್ ನಿಜವಾಗಿ ಹೆಚ್ಚಿತಾ ಅಂತ ನೋಡಬೇಕು. ಖಾಲಿ ಎಣ್ಣೆ ಡ್ರಮ್ಮಿಗೆ ಕಾಂಕ್ರೀಟ್ ತುಂಬಿ, ನಡುವೆ ಶಾಫ್ಟ್ ಹಾಕಿ, ಅದರ ಮೇಲೆ ಹಿಂದಿನ ಚಕ್ರ ಓಡಿಸಿ ಡೈನೋ (ಪವರ್ ಅಳೆಯುವ ಯಂತ್ರ) ಮಾಡುವ ಯೋಚನೆ ಇದೆ. ಆಗುತ್ತದಾ? ಲೆಕ್ಕ ಹೇಗೆ?

ಉತ್ತರ: ಯೋಚನೆ ಸರಿಯಾಗಿದೆ. ಆದರೆ ಆ ಡ್ರಮ್ ಮಾತ್ರ ದಯವಿಟ್ಟು ಬೇಡ. ಕಾಂಕ್ರೀಟ್ ಮೇಲೆ ಭಾರ ಹೇರಿದರೆ ಚೆನ್ನಾಗಿ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ತಿರುಗುವ ವಸ್ತುವಿನ ಮೇಲೆ ಬೀಳುವುದು ಎಳೆತವೇ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಮೇಲಾಗಿ ಕಾಂಕ್ರೀಟ್ ಒಳಗೆ ಒಂದೇ ಸಮನಾಗಿ ಕೂರುವುದಿಲ್ಲ, ಒಂದು ಪಕ್ಕ ಭಾರವಾಗಿಬಿಡುತ್ತದೆ.

ಲೇತ್‌ನಲ್ಲಿ ತಿರುವಿದ ಗಟ್ಟಿ ಉಕ್ಕಿನ ರೋಲರ್ ಹುಡುಕಿ. 40 ಸೆಂ.ಮೀ. ವ್ಯಾಸ, 20 ಸೆಂ.ಮೀ. ಅಗಲ ಇದ್ದರೆ ತೂಕ ಸುಮಾರು 200 ಕಿಲೋ ಬರುತ್ತದೆ. ಶಾಫ್ಟ್ ಕೂರಿಸಿದ ಮೇಲೆ, ಎರಡನ್ನೂ ಸೇರಿಸಿ ತಿರುಗಿಸಿಯೇ ಬ್ಯಾಲೆನ್ಸ್ ಮಾಡಿಸಿ. ಈ ಒಂದು ಕೆಲಸದಲ್ಲಿ ಉಳಿತಾಯ ಮಾಡಬೇಡಿ.

ಈಗ ಲೆಕ್ಕ. ರೋಲರ್ ಎಷ್ಟು ಬೇಗ ವೇಗ ಏರುತ್ತದೆ ಅನ್ನುವುದರಿಂದ ಪವರ್ ತಿಳಿಯುತ್ತದೆ. ಗಟ್ಟಿ ರೋಲರ್ ಆದರೆ ಅದರ ಜಡತ್ವ (ವೇಗ ಬದಲಿಸಲು ಅದು ಒಡ್ಡುವ ತಡೆ) ಅಂದರೆ ತೂಕದ ಅರ್ಧವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದ್ದು. 200ರ ಅರ್ಧ 100, ತ್ರಿಜ್ಯ 0.2 ಮೀಟರ್, ಅದರ ವರ್ಗ 0.04. ಗುಣಿಸಿದರೆ 4. ಈ ಅಂಕಿಯನ್ನು ರೋಲರ್ ಮೇಲೇ ಬರೆದಿಟ್ಟುಕೊಳ್ಳಿ, ಪ್ರತಿ ಲೆಕ್ಕಕ್ಕೂ ಬೇಕು.

ಬೈಕ್ ಮೇಲೇರಿಸಿ, ಒಂದೇ ಗೇರಿನಲ್ಲಿ ಥ್ರಾಟಲ್ ಪೂರ್ತಿ ತಿರುವಿದಿರಿ ಅನ್ನಿ. ರೋಲರ್ ನಿಮಿಷಕ್ಕೆ 1000 ಸುತ್ತಿನಿಂದ 1050ಕ್ಕೆ ಏರಲು ಕಾಲು ಸೆಕೆಂಡ್ ತೆಗೆದುಕೊಂಡಿತು. 50 ಸುತ್ತು ಅಂದರೆ ಸೆಕೆಂಡಿಗೆ 5.24 ರೇಡಿಯನ್ (ಕೋನದ ಅಳತೆ, ಒಂದು ಸುತ್ತಿಗೆ 6.28). ಕಾಲು ಸೆಕೆಂಡಿನಿಂದ ಭಾಗಿಸಿದರೆ ವೇಗ ಏರಿದ ದರ ಸುಮಾರು 21. ಅದನ್ನು ನಮ್ಮ 4ರಿಂದ ಗುಣಿಸಿದರೆ 84 ನ್ಯೂಟನ್ ಮೀಟರ್, ಇದು ರೋಲರಿಗೆ ಸಿಕ್ಕ ಟಾರ್ಕ್, ಅಂದರೆ ತಿರುಗಿಸುವ ಬಲ. ಆ ಹೊತ್ತಿನ ಸರಾಸರಿ ವೇಗ 1025 ಸುತ್ತು, ಅಂದರೆ ಸೆಕೆಂಡಿಗೆ 107 ರೇಡಿಯನ್. ಎರಡನ್ನೂ ಗುಣಿಸಿ: ಸುಮಾರು 9000 ವ್ಯಾಟ್. 746ರಿಂದ ಭಾಗಿಸಿದರೆ 12 ಹಾರ್ಸ್‌ಪವರ್. ಇಷ್ಟೇ!

ಹೆಚ್ಚಿನವರು ಎಡವುವುದು ರೋಲರಿನ ವೇಗ ಅಳೆಯುವ ಸೆನ್ಸರಿನಲ್ಲಿ. ನಾನೂ ಮೊದಲು ಎಡವಿದ್ದು ಅಲ್ಲೇ. ರೋಲರ್ ಜೊತೆ ತಿರುಗುವ ತಟ್ಟೆಯಲ್ಲಿ ಸೆನ್ಸರ್ ಎಣಿಸುವ ಹಲ್ಲು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು, 36 ಹಲ್ಲಿನ ತಟ್ಟೆಯನ್ನು ಕೈಯಲ್ಲೇ ಕತ್ತರಿಸಿ ಹಾಕಿದ್ದೆ. ಗ್ರಾಫ್ ಗರಗಸದ ಹಾಗೆ ಬಂತು. ಎಂಜಿನ್ ಮಿಸ್ ಆಗುತ್ತಿದೆ ಅಂತ ಎರಡು ದಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಹಾಕಿ ಮಾಡಿದೆ. ಕೊನೆಗೆ ಕಂಡಿದ್ದು ತಟ್ಟೆಯ ತಪ್ಪು. ಹಲ್ಲುಗಳ ನಡುವೆ ಇರಬೇಕಾದ್ದು 10 ಡಿಗ್ರಿ. ಅದರಲ್ಲಿ ಒಂದು ಡಿಗ್ರಿ ಆಚೀಚೆ ಆದರೂ ವೇಗದಲ್ಲಿ 10 ಶೇಕಡಾ ಸುಳ್ಳು! ನೀವು ಒಂದೇ ಅಯಸ್ಕಾಂತ, ಒಂದೇ ಹಾಲ್ ಸೆನ್ಸರ್ (ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವ ಸೆನ್ಸರ್) ಹಾಕಿ. ಆಗ ಪ್ರತಿ ಸುತ್ತಿಗೂ ಅದೇ ಜಾಗ ಬರುವುದರಿಂದ ಈ ತಪ್ಪಿಗೆ ಆಸ್ಪದವೇ ಇಲ್ಲ. 1000 ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ 60 ಮಿಲಿಸೆಕೆಂಡ್ ಹಿಡಿಯುತ್ತದೆ. ಸಾಮಾನ್ಯ ಆರ್ಡುಯಿನೊ ಬೋರ್ಡ್ (ಪ್ರೋಗ್ರಾಂ ಬರೆದು ಓಡಿಸುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) 4 ಮೈಕ್ರೋಸೆಕೆಂಡಿನಷ್ಟು ಸಣ್ಣ ಕಾಲವನ್ನೂ ಗುರುತಿಸುತ್ತದೆ, ಅಲ್ವಾ? ಅದು ಧಾರಾಳವಾಗಿ ಸಾಕು.

ನಿಮಗೆ ಸಿಗುವುದು ಚಕ್ರಕ್ಕೆ ತಲುಪಿದ ಪವರ್. ಗೇರು, ಚೈನು, ಟೈರು ತಮ್ಮ ಪಾಲು ತಿಂದ ಮೇಲೆ ಉಳಿದದ್ದು. ಕಂಪನಿ ಹೇಳುವ ಅಂಕಿ ಎಂಜಿನ್ನಿನೊಳಗಿನ ಕ್ರ್ಯಾಂಕ್‌ಶಾಫ್ಟಿನದು, ಅದಕ್ಕೆ ಹೋಲಿಸಿ ಬೇಜಾರಾಗಬೇಡಿ. ನಿಮ್ಮ ಪ್ರಶ್ನೆ ಮೊದಲಿಗಿಂತ ಹೆಚ್ಚಿತಾ ಅನ್ನುವುದಲ್ಲವೇ? ಹಾಗಾದರೆ ಹಳೇ ಜೆಟ್, ಹಳೇ ಸೈಲೆನ್ಸರ್ ಮತ್ತೆ ಹಾಕಿ ಮೂರು ಸಲ ಓಡಿಸಿ, ಹೊಸದರಲ್ಲಿ ಮೂರು ಸಲ. ಟೈರಿನ ಗಾಳಿ, ಬೈಕನ್ನು ಹಿಡಿದಿಡುವ ಬೆಲ್ಟ್ ಬಿಗಿದ ಜಾಗ, ಎಂಜಿನ್ನಿನ ಬಿಸಿ, ಗೇರು ಎಲ್ಲ ಅದೇ ಇರಲಿ. ಬೆಲ್ಟ್ ಜಾಸ್ತಿ ಬಿಗಿದರೆ ಟೈರ್ ಒತ್ತಿಕೊಂಡು ಪವರ್ ಕಡಿಮೆ ತೋರಿಸುತ್ತದೆ. ಹಳೆಯದರ ಮೂರು ಅಂಕಿಗಳೇ ತಮ್ಮಲ್ಲಿ ಅರ್ಧ ಹಾರ್ಸ್‌ಪವರ್ ಆಚೀಚೆ ಇದ್ದರೆ, ಹೊಸದರಲ್ಲಿ ಕಂಡ ಅರ್ಧ ಹಾರ್ಸ್‌ಪವರ್ ಹೆಚ್ಚಳವನ್ನು ನಂಬಬೇಡಿ.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಈ ರೋಲರ್ ಒಳಗೆ ಸುಮಾರು 38,000 ಜೌಲ್ ಶಕ್ತಿ ಇರುತ್ತದೆ. ಅದೇ ರೋಲರನ್ನು ಸುಮಾರು 20 ಮೀಟರ್ ಎತ್ತರದಿಂದ ಬಿಟ್ಟಷ್ಟು. ಹಾಗಾಗಿ ಸುತ್ತ ದಪ್ಪ ಉಕ್ಕಿನ ಕವಚ, ಮುಂದಿನ ಚಕ್ರಕ್ಕೆ ಗಟ್ಟಿ ಹಿಡಿತ, ನಾಲ್ಕು ಕಡೆ ಬೆಲ್ಟ್, ರೋಲರಿಗೇ ಒಂದು ಬ್ರೇಕ್ ಇರಲೇಬೇಕು. ಚಕ್ರದ ನೇರಕ್ಕೆ ಹಿಂದೆ ಯಾರೂ ನಿಲ್ಲಬಾರದು. ಮುಚ್ಚಿದ ಕೋಣೆಯಲ್ಲಿ ಓಡಿಸಲೇಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಪ್ರಶ್ನೆ: ರೋಲರ್ ಬದಲು ಡಿಸ್ಕ್ ಬ್ರೇಕ್ ಮತ್ತು ತೂಕದ ಯಂತ್ರ ಸಾಕಾಗುವುದಿಲ್ಲವೇ?

ಉತ್ತರ: ಅಳೆಯಬಹುದು. ಫ್ರಾನ್ಸಿನ ಎಂಜಿನಿಯರ್ ಪ್ರೋನಿ 1821ರಲ್ಲೇ ಇಂಥ ಬ್ರೇಕ್ ಮಾಡಿದ್ದರು. ಬ್ರೇಕಿಗೆ ಒಂದು ತೋಳು ಕೊಟ್ಟು, ತೋಳಿನ ತುದಿ ತೂಕದ ಯಂತ್ರವನ್ನು ಎಷ್ಟು ಒತ್ತುತ್ತದೆ ನೋಡಿ, ತೋಳಿನ ಉದ್ದದಿಂದ ಗುಣಿಸಿದರೆ ಟಾರ್ಕ್ ಬಂತು. ತೊಂದರೆ ಬಿಸಿಯದ್ದು. 9000 ವ್ಯಾಟ್ ಪೂರ್ತಿ ಆ ಡಿಸ್ಕಿನಲ್ಲೇ ಬಿಸಿಯಾಗಬೇಕು, ಅಂದರೆ 1500 ವ್ಯಾಟಿನ ಆರು ಹೀಟರ್ ಹಚ್ಚಿದಂತೆ. ಡಿಸ್ಕ್ ಕಾದ ಹಾಗೆ ಹಿಡಿತ ಬದಲಾಗಿ ಎಂಜಿನ್ ವೇಗ ಒಂದೇ ಕಡೆ ನಿಲ್ಲುವುದಿಲ್ಲ. 1877ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ನೀರಿನ ಬ್ರೇಕ್ ತಂದರು. ಅದರಲ್ಲಿ ಬಿಸಿಯನ್ನೆಲ್ಲ ಹರಿಯುವ ನೀರೇ ಹೊತ್ತೊಯ್ಯುತ್ತದೆ. ನಿಮ್ಮ ಡಿಸ್ಕಿನಲ್ಲಿ ಕೆಲವೇ ಸೆಕೆಂಡಿನ ಓಟಗಳನ್ನು ಮಾತ್ರ ಮಾಡಿ, ನಡುವೆ ಪೂರ್ತಿ ತಣ್ಣಗಾಗಲು ಬಿಡಿ.